ಹಾಜರಿಯ ಡೋಲು

ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸೈಲಸ್‌ಗೆ ತನ್ನ ಸೊಂಟಕ್ಕೆ ತೂಗುಬಿದ್ದ ಡೋಲಿನ ಆಚೆಯ ಅಂಚೂ ಸರಿಯಾಗಿ ಕಾಣುತ್ತಿರಲಿಲ್ಲ. ಚರ್ಮ ತೇವ ಹೀರಿ ಸಡಿಲವಾಗಿತ್ತು. ಹೆಬ್ಬೆರಳಿನಿಂದ ಒತ್ತಿ ನೋಡಿ, ಹಗ್ಗದ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ಕೆಳಕ್ಕೆಳೆದು ಬಿಗಿ ಮಾಡತೊಡಗಿದ. ಆ ಕೆಲಸಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಬೇಕೆಂದೇ ನಿಧಾನ ಮಾಡುತ್ತಿದ್ದ. ಅವನ ಅಣ್ಣ ಆಬ್ನರ್ ಇನ್ನೂ ಬಂದಿರಲಿಲ್ಲ.

"ಏನೋ, ಹಸು ಕರೀತಿದೀಯಾ?" ಎಂದ ಹೈರಮ್. ಅವನು ಕೊಳಲಿನವನು, ಹದಿನೈದರ ಹುಡುಗ, ಮೂಗಿನ ತುದಿ ಯಾವಾಗಲೂ ಕೆಂಪು. ಕೊಳಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾಲು ಬದಲಿಸುತ್ತ ನಿಂತಿದ್ದ. "ಬೇಗ ಆಗ್ಲಿ. ನನ್ನ ತುಟಿ ಮರದ ಹಲಗೆ ಆಗ್ತಿದೆ."

"ಚರ್ಮ ನೆನೆದಿದೆ ಕಣೋ."

"ದಿನಾ ನೆನೆದಿರುತ್ತೆ. ಇವತ್ತೇನು ಹೊಸದಾಗಿ ಸ್ನಾನ ಮಾಡ್ಸಿದ್ಯಾ ಅದಕ್ಕೆ?"

ಸೈಲಸ್‌ನ ಕಿವಿ ಇದ್ದದ್ದು ನದಿಯ ಕಡೆಗೆ. ನೀರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಕೆಂಟಕಿಯಲ್ಲಿ ಫೆಬ್ರವರಿ ಮುಗಿಯುತ್ತಿತ್ತು. ದೇಶ ಉತ್ತರ, ದಕ್ಷಿಣ ಎಂದು ಎರಡಾಗಿ ಹೊಡೆದಾಡಲು ಶುರುಮಾಡಿ ಎರಡು ಚಳಿಗಾಲ ಕಳೆದಿದ್ದವು. ಗ್ರೀನ್ ನದಿಯನ್ನು ಜನ ಕಾಲಲ್ಲಿ ದಾಟುವ ಒಂದು ಜಾಗವಿತ್ತು. ದಕ್ಷಿಣದವರ ಸವಾರರು ಅಲ್ಲಿಂದ ನುಗ್ಗದ ಹಾಗೆ ಕಾಯಲು ಉತ್ತರದ ಸೈನ್ಯದ ಎಪ್ಪತ್ತು ಜನರ ಈ ತುಕಡಿಯನ್ನು ಇಳಿಸಿದ್ದರು. ಉಳಿದ ರೆಜಿಮೆಂಟು ಒಂದು ಮೈಲಿ ಹಿಂದೆ ಗುಡ್ಡದ ಮೇಲಿತ್ತು. ಸೈಲಸ್ ಮತ್ತು ಆಬ್ನರ್ ಹಾಲ್ಕಮ್‌ರ ಮನೆ ನದಿಯಾಚೆ ಐದೇ ಮೈಲಿ. ಗಾಳಿ ಈ ಕಡೆ ಬೀಸಿದ ದಿನ ಸೈಲಸ್‌ಗೆ ತಮ್ಮ ಮನೆಯ ಹೊಗೆಯೇ ಮೂಗಿಗೆ ಬಂದಂತೆ ಆಗುತ್ತಿತ್ತು. ಹಾಗಾಗಲು ಸಾಧ್ಯವಿಲ್ಲ ಎಂದು ಹೈರಮ್ ನಗುತ್ತಿದ್ದ. ಆದರೂ ಆಗುತ್ತಿತ್ತು.

ಹಿಂದಿನ ದಿನ ಮಧ್ಯಾಹ್ನ ಬಿಡಾರಕ್ಕೆ ಶುಂಠಿ ರೊಟ್ಟಿ ಮಾರಲು ಬಂದ ಪಕ್ಕದ ಮನೆಯ ಕೆಜಾಯಾ ಅತ್ತೆ ಸುದ್ದಿ ತಂದಿದ್ದಳು. ತಂಗಿ ಲೆಟ್ಟಿಗೆ ಜ್ವರ, ಆರು ದಿನವಾಯಿತು, ಮೂರು ದಿನದಿಂದ ಯಾರನ್ನೂ ಗುರುತಿಸುತ್ತಿಲ್ಲ. ಆಬ್ನರ್ ಕ್ಯಾಪ್ಟನ್ ಬಳಿ ಒಂದು ರಾತ್ರಿಯ ರಜ ಕೇಳಿದ. ಕೊಡಲಿಲ್ಲ. ಯಾರಿಗೂ ಕೊಡುತ್ತಿರಲಿಲ್ಲ. ಹೋದ ತಿಂಗಳು ಹನ್ನೊಂದು ಜನ ರಜದ ಮೇಲೆ ಹೋದವರು ಹಿಂದಿರುಗಿರಲಿಲ್ಲ. ಬೆಳಗಿನ ಹಾಜರಿಯಲ್ಲಿ ಹೆಸರು ಕೂಗಿದಾಗ ಇಲ್ಲದವನನ್ನು ಓಡಿಹೋದವನೆಂದೇ ಬರೆದುಕೊಳ್ಳಬೇಕು ಎಂದು ಅಂದಿನಿಂದ ಆಜ್ಞೆಯಾಗಿತ್ತು.

ಓಡಿಹೋದವನಿಗೆ ಏನಾಗುತ್ತದೆಂದು ಸೈಲಸ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ವಾರದ ಹಿಂದೆ ಗುಡ್ಡದ ಮೇಲಿನ ಬಯಲಿನಲ್ಲಿ ಹತ್ತೊಂಬತ್ತು ವರ್ಷದ ಒಬ್ಬನನ್ನು ಅವನದೇ ಶವಪೆಟ್ಟಿಗೆಯ ಮೇಲೆ ಕೂರಿಸಿ ಗುಂಡಿಕ್ಕಿದ್ದರು. ಡೋಲುಗಳಿಗೆ ಕಪ್ಪು ಬಟ್ಟೆ ಸುತ್ತಿ, ಅವನನ್ನು ಅಲ್ಲಿಯತನಕ ನಡೆಸಿಕೊಂಡು ಹೋದವರು ಡೋಲಿನ ಹುಡುಗರೇ. ಸೈಲಸ್ ಎರಡನೆಯ ಸಾಲಿನಲ್ಲಿದ್ದ. ಆ ಮನುಷ್ಯ ನಡೆಯುತ್ತ ತಾಳ ತಪ್ಪಿದಾಗಲೆಲ್ಲ ಹೆಜ್ಜೆ ಬದಲಿಸಿ ಮತ್ತೆ ಸರಿಮಾಡಿಕೊಳ್ಳುತ್ತಿದ್ದ. ಅದನ್ನು ಸೈಲಸ್ ಯಾರಿಗೂ ಹೇಳಿರಲಿಲ್ಲ.

ಹಿಂದಿನ ರಾತ್ರಿಯ ಹಾಜರಿ ಮುಗಿದ ಮೇಲೆ ಆಬ್ನರ್ ಡೇರೆಯೊಳಗೆ ಬಂದು ಸೈಲಸ್‌ನ ಕಿವಿಯ ಬಳಿ ಬಾಗಿದ್ದ. ಆಸ್ಪತ್ರೆಯ ಆಳಿಗೆ ತನ್ನ ಪಾಲಿನ ಎರಡು ವಾರದ ಕಾಫಿ ಕೊಟ್ಟು ಜ್ವರದ ಪುಡಿ ಸಂಪಾದಿಸಿದ್ದ.

"ಕೊಟ್ಟು ಬಂದ್ಬಿಡ್ತೀನಿ."

"ಬೇಡ ಅಣ್ಣ."

"ಬರ್ತಾ ಅಮ್ಮ ಹೇಸರಗತ್ತೆ ಕೊಡ್ತಾಳೆ, ಬೇಗ ಬರ್ತೀನಿ. ಹೊಳೆ ದಾಟಿ ಬಿಟ್ರೆ ಅದು ತಾನೇ ಮನೆಗೆ ಹೋಗುತ್ತೆ. ನಿನ್ನ ಡೋಲು ನಿಲ್ಲೋದ್ರೊಳಗೆ ನಾನು ಸಾಲಲ್ಲಿರ್ತೀನಿ."

"ಇಲ್ದಿದ್ರೆ?"

"ಇರ್ತೀನಿ ಕಣೋ ಮರಿ." ಹದಿಮೂರು ವರ್ಷದವನನ್ನು ಮರಿ ಎಂದು ಕರೆಯಬಾರದೆಂದು ಬೇರೆ ದಿನವಾದರೆ ಸೈಲಸ್ ಜಗಳವಾಡುತ್ತಿದ್ದ.

ಡೋಲು ನಿಲ್ಲುವುದರೊಳಗೆ ಎಂದರೆ ಏನೆಂದು ತುಕಡಿಯಲ್ಲಿ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಕೊಳಲು, ಡೋಲು ಸೇರಿ ಐದು ಗತ್ತು, ಅಂದರೆ ಐದು ಪುಟ್ಟ ರಾಗ, ನುಡಿಸಬೇಕು. ಐದೂ ಮುಗಿದ ಮೇಲೆ ಡೋಲಿನವನು ಒಬ್ಬನೇ, ಎರಡೂ ಕಡ್ಡಿಗಳನ್ನು ಬಿಡುವಿಲ್ಲದೆ ಆಡಿಸಿ, ಹತ್ತು ಎಣಿಸುವಷ್ಟು ಹೊತ್ತು ಉರುಳು ಬಡಿದು ನಿಲ್ಲಿಸಬೇಕು. ಮಲಗಿದ್ದವರು ಅಷ್ಟರೊಳಗೆ ಎದ್ದು, ಬೂಟು ಹಾಕಿಕೊಂಡು, ಬಯ್ದುಕೊಂಡು, ಕೆಮ್ಮಿಕೊಂಡು ಸಾಲಿಗೆ ಬಂದು ನಿಲ್ಲಬೇಕು. ಕೊನೆಯ ಪೆಟ್ಟು ಬಿದ್ದೊಡನೆ ಸಾರ್ಜೆಂಟ್ ಪುಸ್ತಕ ತೆರೆಯುತ್ತಾನೆ.

"ಹಾಲ್ಕಮ್," ಎಂದ ಸಾರ್ಜೆಂಟ್ ಗುಥ್ರಿ ಮಂಜಿನೊಳಗಿಂದ. "ಅದನ್ನ ಮದುವೆ ಮಾಡ್ಕೋತೀಯೋ ಬಾರಿಸ್ತೀಯೋ?"

"ಬಾರಿಸ್ತೀನಿ ಸಾರ್."

ಹೈರಮ್ ಕೊಳಲು ತುಟಿಗಿಟ್ಟ. ಸೈಲಸ್ ಕಡ್ಡಿ ಎತ್ತಿದ.

ಮೊದಲ ಗತ್ತನ್ನು ಸೈಲಸ್ ಎತ್ತಿನ ಗಾಡಿಯ ನಡಿಗೆಯಲ್ಲಿ ಶುರುಮಾಡಿದ. ಹೈರಮ್ ಒಂದು ಸಾಲು ಮುಂದೆ ಹೋಗಿ, ಹುಬ್ಬು ಗಂಟಿಕ್ಕಿ, ಹಿಂದೆ ಬಂದು ಸೇರಿಕೊಂಡ. ಡೇರೆಗಳಲ್ಲಿ ಕೆಮ್ಮು ಎದ್ದಿತು. ಯಾರೋ ಬಕೆಟ್ಟು ಒದ್ದರು. ಎರಡನೆಯ ಗತ್ತು. ಒಬ್ಬೊಬ್ಬರಾಗಿ ಬೂದು ಕಂಬಳಿಯಂಥ ಆಕಾರಗಳು ಸಾಲಿಗೆ ಬಂದವು. ಆಬ್ನರ್ ನಿಲ್ಲುವುದು ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ನಾಲ್ಕನೆಯವನಾಗಿ. ಮೂರನೆಯವನು ಬಂದ. ಐದನೆಯವನು ಬಂದ. ಇಬ್ಬರ ನಡುವೆ ಒಂದು ಹಲ್ಲು ಬಿದ್ದ ಹಾಗೆ ಜಾಗ ಉಳಿಯಿತು.

ಮೂರನೆಯ ಗತ್ತು ಮುಗಿಯಿತು. ಸೈಲಸ್ ನಾಲ್ಕನೆಯದಕ್ಕೆ ಹೋಗದೆ ಮತ್ತೆ ಮೂರನೆಯದನ್ನೇ ಹಿಡಿದ.

ಹೈರಮ್‌ನ ಕಣ್ಣು ಕೊಳಲಿನ ಮೇಲಿಂದ ಹೊರಳಿತು. ನಾಲ್ಕು ಸ್ವರ ತಪ್ಪಿ ನುಡಿಸಿ, ಬಾಯಿ ಅಂಚಿನಿಂದ, "ತಲೆ ಕೆಟ್ಟಿದ್ಯಾ?" ಎಂದ.

ಸೈಲಸ್ ಮುಂದೆ ನೋಡುತ್ತಲೇ ಇದ್ದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮಂಜಿನದಿರಬಹುದು. ಹೈರಮ್ ಸಾಲಿನ ಕಡೆ ನೋಡಿದ. ಖಾಲಿ ಜಾಗ ಅವನಿಗೂ ಕಂಡಿರಬೇಕು. ಮೂರನೆಯ ಗತ್ತನ್ನೇ ಮೊದಲಿನಿಂದ, ಬೇಕೆಂದೇ ಮಾಡಿದ ಹಾಗೆ ಜೋರಾಗಿ ನುಡಿಸಿದ.

ನಾಲ್ಕನೆಯದು. ಅದನ್ನೂ ಎರಡು ಸಲ. ಸಾಲಿನಲ್ಲಿ ಗುಸುಗುಸು ಶುರುವಾಯಿತು. "ಈ ಕೂಸುಗಳು ಇವತ್ತು ನಮಗೆ ಕಛೇರಿ ಕೊಡ್ತಿದಾವೆ," ಎಂದ ಯಾರೋ. ಐದನೆಯದನ್ನು ಎರಡು ಸಲ ನುಡಿಸಲು ಆಗಲಿಲ್ಲ. ಸಾರ್ಜೆಂಟ್ ಆಗಲೇ ಕೈಗವಸು ತೆಗೆದು ಪುಸ್ತಕದ ದಾರ ಬಿಚ್ಚುತ್ತಿದ್ದ. ಹೈರಮ್ ಕೊಳಲು ಇಳಿಸಿದ. ಉಳಿದದ್ದು ಸೈಲಸ್ ಒಬ್ಬನ ಪಾಲಿನ ಉರುಳು.

ಒಂದು, ಎರಡು, ಮೂರು. ಕಡ್ಡಿಗಳು ತಾವಾಗಿಯೇ ಆಡುತ್ತಿದ್ದವು. ಏಳು, ಎಂಟು. ಸಾಲಿನಲ್ಲಿ ಆ ಖಾಲಿ ಜಾಗ ಹಾಗೇ ಇತ್ತು. ಹತ್ತು.

ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಅಣ್ಣನನ್ನು ತಾನೇ ಪೆಟ್ಟಿಗೆಯ ಮೇಲೆ ಕೂರಿಸಿದ ಹಾಗಾಗುತ್ತಿತ್ತು. ಹನ್ನೆರಡು. ಹದಿನೈದು. ಇನ್ನೊಂದು ಐದು ಎಣಿಸಿದರೆ ಬರಬಹುದು, ಇನ್ನೊಂದೇ ಐದು. ಇಪ್ಪತ್ತು. ಮಣಿಕಟ್ಟು ಉರಿಯುತ್ತಿತ್ತು. ಇಪ್ಪತ್ತಾರು.

"ಉದ್ದ ಉರುಳು," ಎಂದ ಮುಂದಿನ ಸಾಲಿನ ಮುದುಕನೊಬ್ಬ. ಅವನ ದನಿಯಲ್ಲಿ ನಿದ್ದೆ ಪೂರ್ತಿ ಬಿಟ್ಟಿತ್ತು. "ಲೋ, ಇದು ಉದ್ದ ಉರುಳು ಕಣ್ರೋ."

ಅಷ್ಟೇ ಸಾಕಾಯಿತು. ನಿಲ್ಲದ ಉರುಳಿಗೆ ಸೈನ್ಯದಲ್ಲಿ ಒಂದೇ ಅರ್ಥ: ಶತ್ರು ಮೈಮೇಲೆ ಬಿದ್ದಿದ್ದಾನೆ, ಬಂದೂಕು ಹಿಡಿಯಿರಿ. ಸಾಲು ಒಡೆದುಹೋಯಿತು. ಎಪ್ಪತ್ತು ಜನ ಮಂಜಿನಲ್ಲಿ ಬಂದೂಕಿಗಾಗಿ ಓಡಿದರು, ಒಬ್ಬರ ಮೇಲೊಬ್ಬರು ಬಿದ್ದರು. ಸೈಲಸ್‌ಗೆ ತಾನು ಮಾಡಿದ್ದೇನೆಂದು ಆಗ ಹೊಳೆಯಿತು. ಕೈ ನಿಂತಿತು. ಆದರೆ ಸದ್ದು ನಿಲ್ಲಲಿಲ್ಲ. ಗುಡ್ಡದ ಮೇಲಿಂದ ರೆಜಿಮೆಂಟಿನ ಡೋಲುಗಳು, ಒಂದು, ಎರಡು, ಆಮೇಲೆ ಹತ್ತೂ, ಅದೇ ಉದ್ದ ಉರುಳನ್ನು ಬಡಿಯತೊಡಗಿದವು.

ನದಿಯ ಕಡೆಯಿಂದ ಕಾವಲಿನವರು ಗುಂಡು ಹಾರಿಸಿದರು. ಒಂದು. ಕೂಡಲೇ ಇನ್ನೆರಡು.

ಅಣ್ಣ ಬರುವ ದಾರಿ ಅದೇ.

ಹೈರಮ್ ಅವನ ಕಾಲರ್ ಹಿಡಿದು ಮಣ್ಣಿನ ಗೋಡೆಯ ಹಿಂದಿನ ಹಳ್ಳಕ್ಕೆ ಎಳೆದುಕೊಂಡು ಹೋದ. ಹಳ್ಳದಲ್ಲಿ ಮೊಣಕಾಲುದ್ದ ತಣ್ಣೀರು ನಿಂತಿತ್ತು. ಎಲ್ಲರೂ ಅದರಲ್ಲಿ ಕುಕ್ಕರಿಸಿ ಬಂದೂಕುಗಳನ್ನು ಮಂಜಿನ ಕಡೆಗೆ ಚಾಚಿದ್ದರು. ಸೈಲಸ್ ಡೋಲನ್ನು ಎದೆಗವಚಿಕೊಂಡು ಕೂತ. ಮೂರು ಗುಂಡು. ಮೂರರಲ್ಲಿ ಒಂದು ಬಿದ್ದಿದ್ದರೂ ಸಾಕು. ತನ್ನ ಕಡ್ಡಿ ಹತ್ತಕ್ಕೆ ನಿಂತಿದ್ದರೆ ಆ ಗುಂಡು ಹಾರುತ್ತಿರಲಿಲ್ಲ. ಅಣ್ಣ ಬರೀ ತಡವಾಗಿ ಬರುತ್ತಿದ್ದ. ತಡವಾಗಿ ಬಂದವನ ಪರ ಯಾರಾದರೂ ಬೇಡಿಕೊಳ್ಳಬಹುದು. ನೀರಲ್ಲಿ ಬಿದ್ದವನಿಗೆ ಯಾರು ಏನು ಮಾಡಿಯಾರು?

"ನಡುಗ್ಬೇಡ. ಡೋಲು ಸದ್ದು ಮಾಡ್ತಿದೆ," ಎಂದ ಹೈರಮ್.

ಎಷ್ಟು ಹೊತ್ತೋ. ಹಳ್ಳದ ಆ ತುದಿಯಿಂದ ಯಾರೋ ನೀರಿನಲ್ಲಿ ಬಗ್ಗಿ ನಡೆಯುತ್ತ, ಒಬ್ಬೊಬ್ಬರ ಬೆನ್ನು ಹಿಂದೆ ನುಸುಳುತ್ತ ಬಂದರು. ಸೈಲಸ್‌ನ ಪಕ್ಕದಲ್ಲಿ ಬಂದೂಕು ಗೋಡೆಗೆ ಒರಗಿತು. ಅದನ್ನು ಹಿಡಿದ ಕೈಯ ಕಿರುಬೆರಳು ಡೊಂಕಾಗಿತ್ತು. ಆಬ್ನರ್ ಚಿಕ್ಕಂದಿನಲ್ಲಿ ಕಣಜದ ಬಾಗಿಲಿಗೆ ಸಿಕ್ಕಿಸಿಕೊಂಡ ಬೆರಳು.

ಸೈಲಸ್ ಕತ್ತು ತಿರುಗಿಸಲಿಲ್ಲ. ತಿರುಗಿಸಿದರೆ ಅತ್ತುಬಿಡುತ್ತಿದ್ದ.

"ಲೆಟ್ಟಿ?" ಎಂದ.

"ಪುಡಿ ಕುಡಿಸಿದ್ವಿ. ಇನ್ನೂ ಗೊತ್ತಿಲ್ಲ." ಆಬ್ನರ್‌ನ ಹಲ್ಲು ಕಟಕಟ ಅನ್ನುತ್ತಿತ್ತು. "ಜೂನೋನ ಹೊಡೆದ್ರು. ನಾನು ಈ ದಡದಲ್ಲಿ ಇಳಿದು ಅದನ್ನ ವಾಪಸ್ ಅಟ್ಟಿದ್ದೆ. ಹೊಳೆ ಮಧ್ಯ ಹೊಡೆದ್ರು."

ಜೂನೋ ಎಂದರೆ ಅವರ ಹೇಸರಗತ್ತೆ. ಉಳುಮೆಗೆ ಮನೆಯಲ್ಲಿದ್ದದ್ದು ಅದೊಂದೇ.

ಸೂರ್ಯ ಮೇಲೆ ಬಂದು ಮಂಜು ಹರಿದಾಗ ನದಿಯಾಚೆ ಯಾರೂ ಇರಲಿಲ್ಲ. ಹಳ್ಳದಿಂದ ಎದ್ದು ಬಂದವರನ್ನು ನಿಲ್ಲಿಸಿ ಸಾರ್ಜೆಂಟ್ ಹಾಜರಿ ಕೂಗಿದ. ಎಲ್ಲರ ಷರಾಯಿಯೂ ಮೊಣಕಾಲಿನವರೆಗೆ ಒದ್ದೆ. "ಹಾಲ್ಕಮ್, ಆಬ್ನರ್." "ಇದ್ದೀನಿ ಸಾರ್." ಪೆನ್ಸಿಲ್ ಒಂದು ಗೀಟು ಎಳೆದು ಮುಂದಿನ ಹೆಸರಿಗೆ ಹೋಯಿತು.

ಆಮೇಲೆ ಕ್ಯಾಪ್ಟನ್ ಬ್ರಾಕ್ ಸೈಲಸ್‌ನನ್ನು ಕರೆಸಿದ.

ಕ್ಯಾಪ್ಟನ್ ಯುದ್ಧಕ್ಕೆ ಮುಂಚೆ ಶಾಲೆಯ ಮೇಷ್ಟರಾಗಿದ್ದವನು. ಕೂಗಾಡುವವನಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. "ಪ್ರತಿ ತಿಂಗಳ ಮೊದಲ ಭಾನುವಾರ ನಿಯಮ ಓದ್ತೀನಲ್ಲ, ಕೇಳಿಸ್ಕೊಂಡಿದೀಯಾ?"

"ಹೂಂ ಸಾರ್."

"ಡೋಲು ಬಡಿದು ಬಿಡಾರದಲ್ಲಿ ಸುಳ್ಳು ಗಾಬರಿ ಎಬ್ಬಿಸಿದ್ರೆ ಏನು ಶಿಕ್ಷೆ?"

ಸೈಲಸ್‌ಗೆ ಗೊತ್ತಿತ್ತು. ಆ ಸಾಲು ಬಂದಾಗಲೆಲ್ಲ ಅವನು ತನ್ನ ಕಡ್ಡಿಗಳನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತಿದ್ದ. "ಸಾವು ಸಾರ್. ಇಲ್ಲಾ ಕೋರ್ಟು ಹೇಳಿದ್ದು."

"ಗುಡ್ಡದ ಮೇಲೆ ಎಂಟುನೂರು ಜನ ಕೆಸರಲ್ಲಿ ನಿಂತಿದ್ರು. ಕರ್ನಲ್ ಸಾಹೇಬ್ರು ಆಳು ಕಳಿಸಿದಾರೆ, ಯಾಕೆ ಅಂತ. ಏನು ಹೇಳ್ಲಿ?"

"ಎಣಿಕೆ ತಪ್ಪಿತು ಸಾರ್. ಕೈ ಮರಗಟ್ಟಿತ್ತು."

"ಮೂರು, ನಾಲ್ಕು, ಎರಡೂ ಗತ್ತು ಎರಡೆರಡು ಸಲ ಬಾರಿಸಿದೆ. ಅದೂ ಎಣಿಕೆ ತಪ್ಪಿದ್ದಾ?"

ಹೈರಮ್ ಬಾಗಿಲಲ್ಲಿ ನಿಂತಿದ್ದವನು ಗಂಟಲು ಸರಿಮಾಡಿಕೊಂಡ. "ಅದು ನನ್ನ ತಪ್ಪು ಸಾರ್. ಕೊಳಲಲ್ಲಿ ಉಗುಳು ಕಟ್ಕೊಂಡಿತ್ತು. ಸರಿಯಾಗಿ ಬರ್ಲಿಲ್ಲ ಅಂತ ಮತ್ತೆ ಎತ್ಕೊಂಡೆ."

"ನಿನ್ನ ಕೇಳಿದ್ನಾ?"

"ಇಲ್ಲ ಸಾರ್."

"ಹಾಗಾದ್ರೆ ಉಗುಳು ಒಳಗೇ ಇಟ್ಕೊ."

ಆ ಹೊತ್ತಿಗೆ ಕಾವಲಿನವರು ನದಿಯಿಂದ ಬಂದರು. ಸತ್ತ ಪ್ರಾಣಿಯ ಬೆನ್ನಿನಿಂದ ಬಿಚ್ಚಿ ತಂದ ಒಂದು ರಜಾಯಿಯನ್ನು ಡೇರೆಯ ಮುಂದೆ ನೆಲಕ್ಕೆ ಹಾಕಿದರು. ಚೂರು ಬಟ್ಟೆ ಜೋಡಿಸಿ ಹೊಲಿದದ್ದು, ನೆಂದು ಕಪ್ಪಾಗಿತ್ತು. ಜೀನಿಲ್ಲ, ರಜಾಯಿಯನ್ನೇ ಮಡಿಸಿ ಹಗ್ಗದಲ್ಲಿ ಬಿಗಿದಿದ್ದರು.

"ಸವಾರ ಸಿಗ್ಲಿಲ್ಲ ಸಾರ್," ಎಂದ ಕಾವಲಿನವನು. "ಒಂದು ವಿಷಯ. ಪ್ರಾಣಿ ಬಿದ್ದಿರೋದು ಆ ದಡದ ಕಡೆ ತಲೆ ಮಾಡಿ."

ಕ್ಯಾಪ್ಟನ್ ನದಿಯ ಕಡೆ ತಿರುಗಿದ. "ಅಂದ್ರೆ ಹೋಗ್ತಿತ್ತು. ಬರ್ತಿರ್ಲಿಲ್ಲ." ಅವನು ಸೈಲಸ್‌ನನ್ನು ನೋಡಿದ. ಆಮೇಲೆ ಡೇರೆಗಳ ಸಾಲನ್ನು ನೋಡಿದ. "ಯಾರನ್ನೋ ಈ ಕಡೆ ಇಳಿಸಿ ಹೋಗ್ತಿತ್ತು. ಈ ಜಿಲ್ಲೆಯವರು ನಮ್ಮಲ್ಲಿ ಅರ್ಧ ಜನ ಇದಾರೆ. ಯಾರದೋ ಮನೆಯ ಹೇಸರಗತ್ತೆ ಇದು."

ಸೈಲಸ್ ರಜಾಯಿ ನೋಡಬಾರದೆಂದು ಕ್ಯಾಪ್ಟನ್ನನ ಗುಂಡಿಗಳನ್ನು ನೋಡುತ್ತ ನಿಂತ. ಆದರೂ ಮೂಲೆಯ ನೀಲಿ ಚೌಕ ಕಣ್ಣಿಗೆ ಬೀಳುತ್ತಲೇ ಇತ್ತು. ಅಪ್ಪನ ಅಂಗಿಯ ಬಟ್ಟೆ ಅದು. ಅಪ್ಪ ತೀರಿಕೊಂಡ ವರ್ಷ ಅಮ್ಮ ಅದನ್ನು ಕತ್ತರಿಸಿ ಸೇರಿಸಿದ್ದಳು.

ಶಿಕ್ಷೆಯನ್ನು ಕ್ಯಾಪ್ಟನ್ ಅರ್ಧ ಮಾತ್ರ ಹೇಳಿದ. ಸೂರ್ಯ ಮುಳುಗುವ ತನಕ ಪೀಪಾಯಿಯ ಮೇಲೆ ನಿಲ್ಲಬೇಕು, ಕೊರಳಿಗೆ ಡೋಲು, ಕೈಗೆ ಕಡ್ಡಿ ಇಲ್ಲ. ಉಳಿದದ್ದು ಆ ಪ್ರಾಣಿ ಯಾರದೆಂದು ತಿಳಿದ ಮೇಲೆ. ಶತ್ರುವಿನದಾದರೆ ಡೋಲು ಬಡಿದದ್ದು ಒಳ್ಳೆಯದೇ ಆಯಿತು. ತುಕಡಿಯವನ ಮನೆಯದಾದರೆ ಹುಡುಗ ಗುಡ್ಡದ ಮೇಲಿನ ಕೋರ್ಟಿಗೆ ಹೋಗುತ್ತಾನೆ, ಆ ಮನೆಯವನೂ ಹೋಗುತ್ತಾನೆ. ಮಧ್ಯಾಹ್ನ ರೊಟ್ಟಿ, ಮೊಟ್ಟೆ ಮಾರಲು ಬರುವ ಹಳ್ಳಿಯ ಹೆಂಗಸರಿಗೆಲ್ಲ ರಜಾಯಿ ತೋರಿಸಬೇಕು.

"ಗಂಡಸ್ರು ಹೇಸರಗತ್ತೆ ಮರೀಬಹುದು," ಎಂದ ಕ್ಯಾಪ್ಟನ್. "ಹೆಂಗಸ್ರು ಹೊಲಿಗೆ ಮರೆಯಲ್ಲ."

ಪೀಪಾಯಿಯನ್ನು ಬಿಡಾರದ ನಡುವೆ ಇಟ್ಟಿದ್ದರು. ಮೇಲೆ ನಿಂತರೆ ಮಣ್ಣಿನ ಗೋಡೆಯಾಚೆ ನದಿ ಕಾಣುತ್ತಿತ್ತು. ದಾಟುವ ಜಾಗದ ನಡುವೆ, ನೀರು ಎರಡಾಗಿ ಸುತ್ತಿ ಹರಿಯುವ ಕಡೆ, ಜೂನೋನ ಕಂದು ಹೊಟ್ಟೆ ಕಾಣುತ್ತಿತ್ತು. ಪಕ್ಕದಲ್ಲಿ ಹಾದುಹೋಗುವವರೆಲ್ಲ ಸೈಲಸ್‌ಗೆ ಒಂದೊಂದು ಮಾತು ಎಸೆದರು. "ಏನಪ್ಪಾ ಜನರಲ್, ಅಲ್ಲಿಂದ ನಮ್ಮ ಸಂಬಳ ಬರೋದು ಕಾಣುತ್ತಾ?" "ನಾಳೆಯಿಂದ ಇವನಿಗೆ ಡೋಲು ಬೇಡ, ಪಾತ್ರೆ ತೊಳೆಯೋಕೆ ಹಾಕಿ, ಅದನ್ನ ನಿಲ್ಲಿಸ್ದೆ ಮಾಡ್ಲಿ." ಸೈಲಸ್‌ಗೆ ಬೈಗುಳ ತಾಗಲೇ ಇಲ್ಲ. ಅವನು ಲೆಕ್ಕ ಹಾಕುತ್ತಿದ್ದದ್ದು ಒಂದನ್ನೇ: ಕೆಜಾಯಾ ಅತ್ತೆ ಇವತ್ತು ಬರುತ್ತಾಳೋ ಇಲ್ಲವೋ. ಅವಳಿಗೆ ಆ ರಜಾಯಿ ಗೊತ್ತು. ಅವಳ ಬಾಯಿ ನಿಲ್ಲುವುದಲ್ಲ.

ಆಬ್ನರ್ ಸೌದೆ ಹೊರುತ್ತಿದ್ದ. ಪೀಪಾಯಿಯ ಬಳಿ ಬಂದಾಗೊಮ್ಮೆ, ಹೊರೆ ಸರಿಮಾಡಿಕೊಳ್ಳುವ ನೆವದಲ್ಲಿ ನಿಂತು, ತುಟಿ ಅಲ್ಲಾಡಿಸದೆ ಹೇಳಿದ. "ಹೋಗಿ ಹೇಳ್ಬಿಡ್ತೀನಿ ಸೈಲಸ್. ನಿನ್ನ ಗುಡ್ಡಕ್ಕೆ ಕಳ್ಸೋಕೆ ಬಿಡಲ್ಲ."

"ಹೇಳಿದ್ರೆ ಇಬ್ರನ್ನೂ ಕಳಿಸ್ತಾರೆ."

"ಚಿಕ್ಕವನು ಅಂತ ನಿನ್ನ ಬಿಡ್ತಾರೆ."

"ಹೇಳಿದ್ರೆ ನಾನು ಇಲ್ಲ ಅಂತೀನಿ. ಸುಳ್ಳು ಹೇಳ್ತಿದಾನೆ ಅಂತೀನಿ." ಸೈಲಸ್‌ನ ಕಣ್ಣು ಸಾರ್ಜೆಂಟ್ ಕಡೆ ಹೊರಳಿತು. "ಹೋಗು ಅಣ್ಣ. ಸಾರ್ಜೆಂಟ್ ನೋಡ್ತಿದಾನೆ."

ಕೆಜಾಯಾ ಅತ್ತೆ ಬರಲಿಲ್ಲ. ರೊಟ್ಟಿಯ ಇಬ್ಬರು ಹೆಂಗಸರು ಬಂದರು, ರಜಾಯಿ ನೋಡಿದರು, ತಲೆಯಾಡಿಸಿ ಹೋದರು. ಸೈಲಸ್‌ಗೆ ಒಂದಿಷ್ಟು ಉಸಿರು ಬಂತು. ಹೊತ್ತು ಇಳಿಯಲು ಇನ್ನು ಎರಡು ಗಂಟೆಯಿರಬಹುದು ಎನ್ನುವಾಗ ನದಿಯಾಚೆಯ ದಾರಿಯಲ್ಲಿ ಹೆಂಗಸರು ತಲೆಗೆ ಕಟ್ಟುವ ಒಂದು ಕಪ್ಪು ಬಾನೆಟ್ಟು ಕಂಡಿತು.

ಆ ನಡಿಗೆ ಎಷ್ಟು ದೂರದಿಂದಲಾದರೂ ಅವನಿಗೆ ಗೊತ್ತು. ಎಡಕ್ಕೆ ಸ್ವಲ್ಪ ವಾಲಿಕೊಂಡು, ಬೇಗ ಬೇಗ. ಅಮ್ಮ.

ಮೇಲಿಂದ ಅವನಿಗೆ ಎಲ್ಲ ಕಾಣುತ್ತಿತ್ತು, ಏನೂ ಮಾಡುವ ಹಾಗಿರಲಿಲ್ಲ. ಅಮ್ಮ ದಡಕ್ಕೆ ಬಂದಳು. ನೀರಿನ ನಡುವಿನದನ್ನು ನೋಡಿ ನಿಂತಳು. ಹೇಸರಗತ್ತೆ ಮನೆಗೆ ಬರಲಿಲ್ಲವೆಂದು ಹೊರಟವಳು. ಈಗ ಮಗನೂ ಅಲ್ಲೇ ಎಲ್ಲೋ ಬಿದ್ದಿದ್ದಾನೆ ಎಂದುಕೊಂಡಿರಬೇಕು. ಬೂಟು ಬಿಚ್ಚಲಿಲ್ಲ. ಲಂಗ ಎತ್ತಿ ಹಾಗೇ ನೀರಿಗಿಳಿದಳು. ಕಾವಲಿನವರು ಅವಳನ್ನು ತಡೆದು, ಏನೋ ಕೇಳಿ, ಕ್ಯಾಪ್ಟನ್ ಡೇರೆಯ ಕಡೆ ಕರೆತಂದರು. ಡೇರೆಗೆ ಪೀಪಾಯಿಯ ಪಕ್ಕದಿಂದಲೇ ಹೋಗಬೇಕು.

ಅಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಡೋಲು, ಖಾಲಿ ಕೈ, ಮುಖ. ಅವಳ ಕಣ್ಣು ಅವನಿಂದ ಜಾರಿ ಬಿಡಾರವನ್ನೆಲ್ಲ ಒಂದು ಸುತ್ತು ಹೊಡೆಯಿತು; ಸೌದೆ ರಾಶಿಯ ಬಳಿ ಕೊಡಲಿ ಹಿಡಿದು ಕಲ್ಲಿನಂತೆ ನಿಂತ ಆಬ್ನರ್ ಬಳಿ ಒಂದು ಕ್ಷಣ ನಿಂತಿತು. ಅವಳ ಎದೆ ಒಮ್ಮೆ ಏರಿ ಇಳಿಯಿತು.

"ಈ ಹಾಲ್ಕಮ್ ಅಣ್ಣತಮ್ಮಂದಿರ ತಾಯಿ ಅಂತೆ ಸಾರ್," ಎಂದ ಕಾವಲಿನವನು.

ಕ್ಯಾಪ್ಟನ್ ಹೊರಗೆ ಬಂದು ಟೋಪಿ ಮುಟ್ಟಿದ. "ಬನ್ನಿ ತಾಯಿ. ಮನೇಲಿ ಮಗುಗೆ ಹುಷಾರಿಲ್ಲ ಅಂತ ನಿಮ್ಮ ದೊಡ್ಡ ಮಗ ನಿನ್ನೆ ಹೇಳ್ತಿದ್ದ."

"ಬೆಳಿಗ್ಗೆ ಜ್ವರ ಇಳೀತು ಸಾಹೇಬ್ರೇ. ಜೋಳದ ಗಂಜಿ ಬೇಕು ಅಂತ ಕೇಳಿದ್ಲು. ಪಕ್ಕದ ಮನೆಯವಳ ಹತ್ರ ಬಿಟ್ಟು ಬಂದೆ. ಹುಡುಗ್ರು ಒದ್ದಾಡ್ತಿರ್ತಾರಲ್ಲ, ಹೇಳಿ ಹೋಗೋಣ ಅಂತ. ಒಂದೆರಡು ಜೊತೆ ಕಾಲುಚೀಲನೂ ಇತ್ತು."

"ನಡ್ಕೊಂಡೇ ಬಂದ್ರಾ?"

"ಬೂಟು ನೋಡಿ ಸಾಹೇಬ್ರೇ."

"ಮನೇಲಿ ಕುದುರೆ, ಹೇಸರಗತ್ತೆ ಏನೂ ಇಲ್ವಾ?"

ಸೈಲಸ್‌ನ ಕಾಲಡಿ ಪೀಪಾಯಿ ಅಲ್ಲಾಡಿತು. ಅಮ್ಮ ಸೆರಗಿನಂತೆ ಹೊದ್ದ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. "ಎರಡು ಸೈನ್ಯದವ್ರು ಈ ದಾರೀಲಿ ಎರಡು ವರ್ಷದಿಂದ ಓಡಾಡ್ತಿದೀರಿ. ಯಾರ ಮನೇಲಿ ಏನು ಬಿಟ್ಟಿದೀರಿ ಹೇಳಿ."

ಹತ್ತಿರ ನಿಂತಿದ್ದ ಕೆಲವರು ನಕ್ಕರು. ಕ್ಯಾಪ್ಟನ್ ನಗಲಿಲ್ಲ. ನೆಲದ ಮೇಲಿನ ರಜಾಯಿಯನ್ನು ಬೂಟಿನ ತುದಿಯಿಂದ ಅವಳ ಕಡೆ ಸರಿಸಿದ. "ಇದು ಯಾರ ಮನೆಯದು ಅಂತ ಗೊತ್ತಾಗುತ್ತಾ?"

ಅಮ್ಮ ಬಗ್ಗಿ ಅದನ್ನು ಎತ್ತಿಕೊಂಡಳು. ಎರಡೂ ಕೈಯಲ್ಲಿ ಹಿಡಿದು, ನೀರು ಒದರಿ, ಬೆಳಕಿಗೆ ಹಿಡಿದಳು. ಆಮೇಲೆ ಅವಳ ಕೈಗಳು ತಮ್ಮಷ್ಟಕ್ಕೆ ತಾವೇ ಅದನ್ನು ಮಡಿಸತೊಡಗಿದವು: ಮೂಲೆಗೆ ಮೂಲೆ, ನೀಲಿ ಚೌಕ ಒಳಗಾಗುವ ಹಾಗೆ, ಮನೆಯಲ್ಲಿ ಪ್ರತಿ ಬೆಳಿಗ್ಗೆ ಮಡಿಸುವಂತೆಯೇ. ಕ್ಯಾಪ್ಟನ್ ಆ ಕೈಗಳನ್ನೇ ನೋಡುತ್ತಿದ್ದ. ಸೈಲಸ್ ಡೋಲಿನ ಅಂಚನ್ನು ಉಗುರು ಬಿಳಿಯಾಗುವಷ್ಟು ಬಿಗಿಯಾಗಿ ಹಿಡಿದ. ಬಿಡಮ್ಮ, ಬಿಟ್ಟುಬಿಡು.

ಅರ್ಧ ಮಡಿಸಿದ ರಜಾಯಿ ಅಲ್ಲಿಗೇ ನಿಂತಿತು. ಅಮ್ಮ ಅದನ್ನು ಕಣ್ಣಿನ ಹತ್ತಿರ ತಂದು ಒಂದು ಹೊಲಿಗೆಯನ್ನು ಉಗುರಿನಿಂದ ಎಬ್ಬಿಸಿದಳು.

"ನಮ್ಮ ಕಡೆಯವಳ ಕೈ ಅಲ್ಲ ಇದು," ಎಂದಳು. "ನೋಡಿ, ಎಷ್ಟು ದೂರ ದೂರ ಹಾಕಿದಾಳೆ. ನನ್ನ ಆರು ವರ್ಷದವಳು ಇದಕ್ಕಿಂತ ನೆಟ್ಟಗೆ ಹೊಲಿತಾಳೆ. ದಕ್ಷಿಣದ ಆಳಿನ ಹೆಂಡ್ತಿ ಯಾರೋ, ಮುಗಿದ್ರೆ ಸಾಕು ಅಂತ ಹೊಲಿದಿರೋದು." ಕೈ ಸಡಿಲಬಿಟ್ಟಳು. ರಜಾಯಿ ಕೆಸರಿಗೆ ಬಿತ್ತು. "ಇದನ್ನ ಒಣಗಿಸಿ ಕಾವಲಿನವ್ರ ಕಾಲಡಿ ಹಾಕಿ ಸಾಹೇಬ್ರೇ. ಇನ್ಯಾತಕ್ಕೂ ಬರಲ್ಲ."

ಸಾರ್ಜೆಂಟ್ ಗುಥ್ರಿ ಹೊಗೆಸೊಪ್ಪು ಉಗಿದು ಮುಂದೆ ಬಂದ. ಅವನು ಆಬ್ನರ್‌ನ ಕಡೆ ನೋಡಲಿಲ್ಲ, ಪೀಪಾಯಿಯ ಕಡೆಯೂ ನೋಡಲಿಲ್ಲ. "ನಂಗನ್ಸುತ್ತೆ ಸಾರ್, ಬೇಹಿನವನು. ಹೊಳೆ ಅರ್ಧ ದಾಟಿದಾನೆ, ಡೋಲು ಕೇಳಿ ಹೆದರಿ ಪ್ರಾಣೀನ ತಿರುಗಿಸಿದಾನೆ. ಅದಕ್ಕೇ ತಲೆ ಆ ಕಡೆ. ಅವನ ಹೆಣ ಕೆಳಗೆಲ್ಲೋ ತೇಲ್ತಿರುತ್ತೆ."

ಕ್ಯಾಪ್ಟನ್ ಅಮ್ಮನ ಮುಖವನ್ನು ನೋಡಿದ, ಸಾರ್ಜೆಂಟನ ಮುಖವನ್ನು ನೋಡಿದ. ಮೇಷ್ಟರಾಗಿದ್ದವನು, ಸುಳ್ಳು ಹೇಳುವ ಮುಖಗಳನ್ನು ಸಾಕಷ್ಟು ನೋಡಿದ್ದವನು. ಬಹಳ ಹೊತ್ತಿನ ಮೇಲೆ, "ಹಾಗೇ ಬರೀರಿ," ಎಂದ. "ಕರ್ನಲ್ ಸಾಹೇಬ್ರಿಗೆ ಹಾಗೇ ಕಳಿಸಿ." ಸೈಲಸ್‌ನ ಕಡೆ ಬೆರಳು ಮಾಡಿದ. "ಇವನು ಮಾತ್ರ ಹೊತ್ತು ಮುಳುಗೋ ತನಕ ಅಲ್ಲೇ ಇರ್ಲಿ. ಹತ್ತರ ತನಕ ಎಣಿಸೋದು ಕಲೀಲಿ."

ಅಮ್ಮ ಪೀಪಾಯಿಯ ಬಳಿ ಬಂದು ಕಾಲುಚೀಲಗಳನ್ನು ಸೈಲಸ್‌ನ ಬೂಟಿನ ಪಕ್ಕ ಇಟ್ಟಳು. ಅವಳ ಕೈ ಅವನ ಪಾದದ ಮೇಲೆ ಒಂದು ಕ್ಷಣ ಕೂತಿತು.

"ದೊಡ್ಡದಾಗಿ ಹೆಣೆದಿದೀನಿ," ಎಂದಳು. "ನಿನ್ನ ಕಾಲು ಬೆಳೀತಿದೆ. ಇಬ್ರೂ ಹಂಚ್ಕೊಳ್ಳಿ."

"ಅಮ್ಮ, ಉಳುಮೆಗೆ..." ಎಂದ ಸೈಲಸ್. ಅಷ್ಟೇ ಬಂತು.

"ಶ್. ಡೋಲು ಸೊಟ್ಟ ತೂಗ್ತಿದೆ, ನೆಟ್ಟಗೆ ಮಾಡ್ಕೋ."

ಅವಳು ಆಬ್ನರ್ ಬಳಿಗೆ ಹೋಗಲಿಲ್ಲ. ದೂರದಿಂದಲೇ, ಎಲ್ಲರಿಗೂ ಕೇಳುವಂತೆ, "ಆಬ್ನರ್, ತಮ್ಮನ್ನ ಬಯ್ಬೇಡ," ಎಂದು ಹೇಳಿ ನದಿಯ ಕಡೆ ನಡೆದಳು.

ಎಡಕ್ಕೆ ವಾಲಿಕೊಂಡು ಅವಳು ದಡ ಇಳಿಯುವುದನ್ನು ಸೈಲಸ್ ಮೇಲಿಂದ ನೋಡಿದ. ಕಾವಲಿನವನು ಅವಳ ಜೊತೆ ನೀರಿನ ಅಂಚಿನ ತನಕ ಹೋಗಿ ಅಲ್ಲೇ ನಿಂತು ನೋಡುತ್ತಿದ್ದ. ಅಮ್ಮ ಲಂಗ ಎತ್ತಿ ನೀರಿಗಿಳಿದಳು. ದಾರಿ ಜೂನೋನ ಪಕ್ಕದಿಂದಲೇ ಹೋಗುತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಕೈ ಚಾಚಲಿಲ್ಲ, ನಡಿಗೆ ನಿಧಾನ ಮಾಡಲಿಲ್ಲ. ಯಾರದೋ ಪ್ರಾಣಿಯನ್ನು ದಾಟುವವಳ ಹಾಗೆ ದಾಟಿದಳು.

ಆ ದಡದಲ್ಲಿ ಒಂದು ಮರದ ಬೊಡ್ಡೆಯ ಮೇಲೆ ಕೂತು ಬೂಟು ಬಿಚ್ಚಿ ನೀರು ಸುರಿದಳು. ಒಂದು ಬೂಟಿನ ನೀರು ಸುರಿಯಲು ಅಷ್ಟು ಹೊತ್ತು ಬೇಕಾಗುವುದಿಲ್ಲ. ಬೆನ್ನು ಈ ಕಡೆಗಿತ್ತು, ತಲೆ ಬಗ್ಗಿತ್ತು. ಕಾವಲಿನವನು ಇನ್ನೂ ನೋಡುತ್ತಿದ್ದ.

ಏಳಮ್ಮ, ಎಂದುಕೊಂಡ ಸೈಲಸ್. ಬೇಗ ಎದ್ದು ಹೋಗು.

ಅವಳು ಬೂಟು ಹಾಕಿಕೊಂಡು ಎದ್ದಳು.